ತೊಟ್ಟಿಯ ಬಾಯಲ್ಲಿ ಕೂತವಳು

ನಮ್ಮ ದೇಶದ ವೈನಿನ ಚರಿತ್ರೆಯನ್ನು ಈಗ ಗೋಡೆಗೆ ಅಂಟಿಸಿದ್ದಾರೆ. ಕಾರ್ಖಾನೆಯ ಹಳೆಯ ನೆಲಮಾಳಿಗೆಗೆ ಸುಣ್ಣ ಬಳಿದು, ನೆಲಕ್ಕೆ ಕಲ್ಲು ಹಾಸಿ, ಟಿಕೆಟ್ಟು ಕೊಟ್ಟು ಒಳಗೆ ಬಿಡುತ್ತಾರೆ. ಬಾಗಿಲಲ್ಲೇ ಆಳೆತ್ತರದ ಒಂದು ಚಿತ್ರವಿದೆ. ದ್ರಾಕ್ಷಿ ಕೊಯ್ಯುವ ಹುಡುಗಿ, ಸೊಂಟದಲ್ಲಿ ಬುಟ್ಟಿ, ಬಾಯಿ ತುಂಬ ನಗು. ಅವಳು ಯಾರ ಮನೆಯ ಮಗಳೋ ನನಗೆ ಗೊತ್ತಿಲ್ಲ. ನಾನು ಕಂಡಂತೆ ಕೊಯ್ಲಿನ ಹೊತ್ತಿಗೆ ನಮ್ಮ ತೋಟಗಳಲ್ಲಿ ಯಾರೂ ಹಾಗೆ ನಕ್ಕದ್ದಿಲ್ಲ. ಸೊಂಟ ಬಿದ್ದುಹೋಗಿರುತ್ತದೆ, ಕಣಜ ಕಚ್ಚಿ ಕೈ ಊದಿರುತ್ತದೆ, ನಗು ಎಲ್ಲಿಂದ ಬರಬೇಕು?

ಆ ಚಿತ್ರ ದಾಟಿದರೆ ಒಂದು ಗಾಜಿನ ಪೆಟ್ಟಿಗೆ. ಒಳಗೆ ಒಂದು ಬುಡ್ಡಿದೀಪ, ಅದರ ಕುತ್ತಿಗೆಗೆ ಕಟ್ಟಿದ ಉದ್ದನೆಯ ಹಗ್ಗ. ‘ಹಿಂದಿನ ಕಾಲದಲ್ಲಿ ನೆಲಮಾಳಿಗೆಯಲ್ಲಿ ಬೆಳಕಿಗಾಗಿ ಬಳಸುತ್ತಿದ್ದ ದೀಪ’ ಎಂದು ಕೆಳಗೆ ಬರೆದಿದ್ದಾರೆ. ಬೆಳಕಿಗಾಗಿ ಅಂತೆ, ಬೆಳಕಿಗಾಗಿ. ಓದಿದಾಗ ನನಗೆ ಮೈಯೆಲ್ಲ ಉರಿಯಿತು. ಆ ದೀಪ ನನ್ನ ಅತ್ತೆಯದು.

ಅತ್ತೆಯೆಂದರೆ ಅಪ್ಪನ ತಂಗಿ. ಮಾತು ಕಡಿಮೆ, ಹಟ ಜಾಸ್ತಿ, ಚಹಾ ಮಾತ್ರ ನಾಲಗೆ ಸುಡುವಷ್ಟು ಬಿಸಿ ಇರಬೇಕು. ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ದೀಪದಮ್ಮ. ಅವಳ ಗಂಡ, ನನ್ನ ಮಾವ, ವೈನಿನ ತೊಟ್ಟಿ ತೊಳೆಯುವ ಕೆಲಸದಲ್ಲಿದ್ದ, ಒಂದು ತೊಟ್ಟಿಯೊಳಗೇ ಸತ್ತ. ಕುಡಿದು ಬಿದ್ದು ಸತ್ತ ಎಂದು ಕಾರ್ಖಾನೆ ಹೇಳಿತು, ಊರು ನಂಬಿತು. ಈಗ ಈ ಚರಿತ್ರೆಯ ಕೋಣೆಯ ಕೊನೆಗೆ ಒಂದು ಕಪ್ಪು ಕಲ್ಲು ನಿಲ್ಲಿಸುತ್ತೇವೆ, ಕೆಲಸ ಮಾಡುತ್ತಲೇ ಪ್ರಾಣ ಬಿಟ್ಟವರ ಹೆಸರುಗಳನ್ನೆಲ್ಲ ಅದರಲ್ಲಿ ಕೆತ್ತಿಸುತ್ತೇವೆ ಎಂದು ಹೊಸ ಮಾಲೀಕ ಹೊರಟಾಗ, ಮಾವನ ಹೆಸರು ಅದರಲ್ಲಿ ಇರಬೇಕೋ ಬೇಡವೋ ಎನ್ನುವ ಪ್ರಶ್ನೆ ಎದ್ದಿತು. ನಾನು ಹೇಳಹೊರಟಿರುವುದು ಅದನ್ನೇ.

ಗೋಡೆಯ ಮೇಲೆ ಇರುವಷ್ಟು ನೀಟಾಗಿ ಈ ವೈನಿನ ಕಥೆ ನಡೆಯಲಿಲ್ಲ. ನನ್ನ ಅಜ್ಜನ ಕಾಲದಲ್ಲಿ ವೈನೆಂದರೆ ಮನೆಮನೆಯ ವಿಷಯ. ಹಿತ್ತಲ ಬಳ್ಳಿಯ ಹಣ್ಣನ್ನು ಕಾಲಲ್ಲಿ ತುಳಿದು, ಒಂದು ಪೀಪಾಯಿಗೆ ಸುರಿದು, ಚಳಿಗಾಲ ಮುಗಿಯುವುದರೊಳಗೆ ಕುಡಿದು ಮುಗಿಸುತ್ತಿದ್ದರು. ಆಮೇಲೆ ಒಬ್ಬ ದುಡ್ಡಿನ ಕುಳ ಬಂದು ನೆಲಮಾಳಿಗೆ ತೋಡಿಸಿ, ಕೋಣೆಯಷ್ಟು ದೊಡ್ಡ ಪೀಪಾಯಿಗಳನ್ನಿಟ್ಟು, ಬಾಟಲಿಗೆ ತುಂಬಿ ಮಾರತೊಡಗಿದ. ನಾಲ್ಕು ಕಾಸು ಕಾಣುವ ಹೊತ್ತಿಗೆ ಬಳ್ಳಿಯ ಬೇರಿಗೆ ಹುಳ ಬಿತ್ತು. ಗುಡ್ಡದ ಓರೆಗಳೆಲ್ಲ ಒಣಗಿ ನಿಂತವು. ಅಜ್ಜ ತನ್ನ ಕೈಯಾರೆ ನೆಟ್ಟ ಬಳ್ಳಿಗಳನ್ನು ತಾನೇ ಕಿತ್ತು ಸುಟ್ಟನಂತೆ. ಹೊರದೇಶದಿಂದ ಹುಳ ಮುಟ್ಟದ ಬೇರು ತರಿಸಿ ಅದರ ಮೇಲೆ ನಮ್ಮ ಬಳ್ಳಿಯನ್ನು ಕಸಿ ಕಟ್ಟಿ ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದರು. ಅದು ಫಲ ಬಿಡುವಷ್ಟರಲ್ಲಿ ಸರ್ಕಾರ ಬಂದು, ತೋಟ, ಪೀಪಾಯಿ, ನೆಲಮಾಳಿಗೆ ಎಲ್ಲ ಇನ್ನು ನಮ್ಮದು ಎಂದಿತು.

ಸರ್ಕಾರಕ್ಕೆ ರುಚಿ ಬೇಕಿರಲಿಲ್ಲ, ಲೆಕ್ಕಕ್ಕೆ ಲೀಟರು ಬೇಕಿತ್ತು. ಪೀಪಾಯಿ ಒಡೆದು ಸೌದೆ ಮಾಡಿ, ನೆಲಮಾಳಿಗೆಯ ನೆಲವನ್ನೇ ಅಗೆದು ಸಿಮೆಂಟಿನ ತೊಟ್ಟಿಗಳನ್ನು ಕಟ್ಟಿಸಿತು. ಒಂದೊಂದೂ ಒಂದು ಮನೆ ಹಿಡಿಸುವಷ್ಟು ಆಳ. ನಡೆದಾಡುವ ನೆಲದಲ್ಲೇ ಅದರ ಬಾಯಿ, ಒಬ್ಬ ಮನುಷ್ಯ ಭುಜ ಕುಗ್ಗಿಸಿಕೊಂಡು ಇಳಿಯುವಷ್ಟು. ಇಡೀ ದೇಶಕ್ಕೆ ಒಂದೇ ಬಣ್ಣದ, ಒಂದೇ ಸಿಹಿಯ ಕೆಂಪು ವೈನು. ಕೆಮ್ಮಿನ ಔಷಧಿಗೂ ಅದಕ್ಕೂ ವ್ಯತ್ಯಾಸ ಬಾಟಲಿಯ ಮೇಲಿನ ಚೀಟಿಯೊಂದೇ. ಆ ಚೀಟಿ ಅಂಟಿಸುತ್ತಲೇ ತಲೆ ನರೆಸಿಕೊಂಡವಳು ನಾನು, ಆದ್ದರಿಂದ ಇಷ್ಟು ಹೇಳುವ ಹಕ್ಕು ನನಗಿದೆ.

ವೈನು ಹರಿಸಿಕೊಂಡ ಮೇಲೆ ತೊಟ್ಟಿಯ ತಳದಲ್ಲಿ ಮೊಣಕಾಲುದ್ದ ಗಸಿ ಉಳಿಯುತ್ತದೆ. ಯಾರಾದರೂ ಏಣಿ ಹಿಡಿದು ಇಳಿದು ಗೋಡೆ ಉಜ್ಜಿ, ಗಸಿ ಬಳಿದು ಮೇಲೆ ಕಳಿಸಬೇಕು. ಪಕ್ಕದ ತೊಟ್ಟಿಯಲ್ಲಿ ಹೊಸ ರಸ ಹುದುಗು ಬಂದು ಕುದಿಯುತ್ತಿದ್ದರೆ ಅದರಿಂದ ಒಂದು ಕೆಟ್ಟ ಗಾಳಿ ಏಳುತ್ತದೆ. ಅದಕ್ಕೆ ಬಣ್ಣವಿಲ್ಲ. ಹಗುರವಾಗಿ ಮೇಲೆ ಹೋಗುವುದೂ ಇಲ್ಲ. ನೆಲದ ಮೇಲೆ ಹರಿದು ಬಂದು ಖಾಲಿ ತೊಟ್ಟಿಯೊಳಗೆ ಇಳಿದು ತಳದಲ್ಲಿ ಕೂರುತ್ತದೆ. ಅಲ್ಲಿ ಉಸಿರೆಳೆದವನು ಕೂಗುವುದಕ್ಕೂ ಪುರುಸೊತ್ತಿಲ್ಲದೆ ಕುಸಿಯುತ್ತಾನೆ.

ಅದಕ್ಕೇ ಆ ಬುಡ್ಡಿದೀಪ. ಮೊದಲು ಹಗ್ಗ ಕಟ್ಟಿ ದೀಪವನ್ನು ತಳದ ತನಕ ಇಳಿಸಬೇಕು. ಆರಿದರೆ ಯಾರೂ ಇಳಿಯುವ ಹಾಗಿಲ್ಲ. ಉರಿದರೆ ಆಳು ಇಳಿಯುತ್ತಾನೆ, ದೀಪ ಅವನ ಮೊಣಕಾಲಿನ ಹತ್ತಿರ ತೂಗುತ್ತಿರುತ್ತದೆ, ಮೇಲೆ ಬಾಯಲ್ಲಿ ಒಬ್ಬರು ಹಗ್ಗ ಹಿಡಿದು ಕೂತು ಆ ದೀಪವನ್ನೇ ನೋಡುತ್ತಿರಬೇಕು. ಜ್ವಾಲೆ ಸಣ್ಣಗಾದರೆ, ಆರಿದರೆ, ‘ಮೇಲೆ ಬಾ’ ಎಂದು ಕೂಗಬೇಕು. ಕೆಳಗಿರುವವನು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಏಣಿ ಹತ್ತಬೇಕು, ಯಾಕೆ ಏನು ಎಂದು ಕೇಳುವ ಹಾಗಿಲ್ಲ. ಬಾಯಲ್ಲಿ ಕೂರುವ ಆ ಕೆಲಸ ಅತ್ತೆಯದು. ಕೂತರೆ ಮುಗಿಯಿತು, ಪಕ್ಕದಲ್ಲಿ ಸಿಡಿಲು ಬಿದ್ದರೂ ದೀಪದಿಂದ ಕಣ್ಣು ಕೀಳುತ್ತಿರಲಿಲ್ಲ. ಬಾಯಲ್ಲಿ ಬೇರೆ ಯಾರಾದರೂ ಕೂತರೆ ತೊಟ್ಟಿ ತೊಳೆಯುವವರು ಇಳಿಯುವುದಕ್ಕೆ ಗೊಣಗುತ್ತಿದ್ದರು.

ಮಾವ ಅವಳನ್ನು ಮೆಚ್ಚಿದ್ದೂ ಹಾಗೆಯೇ. ‘ಬೇರೆ ಹುಡುಗೀರು ಮುಖ ನೋಡ್ತಾರೆ, ಇವಳು ನನ್ನ ಮೊಣಕಾಲು ನೋಡೇ ಒಪ್ಪಿದ್ಳು’ ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಅವನಿಗೆ ಸೋಡಾ ಎಂದೇ ಹೆಸರು. ವೈನಿನ ಕಾರ್ಖಾನೆಯಲ್ಲಿ ಹೊಟ್ಟೆ ಹೊರೆದುಕೊಂಡು ಒಂದು ತೊಟ್ಟೂ ಕುಡಿಯದ ಮನುಷ್ಯ. ಮದುವೆ ಮನೆಗೆ ಹೋದರೂ ಸೋಡಾ, ಯಾರಾದರೂ ಸತ್ತ ಮನೆಗೆ ಹೋದರೂ ಸೋಡಾ. ‘ದಿನಾ ಅದರೊಳಗೇ ಮುಳುಗಿರ್ತೀನಿ, ಇನ್ನು ಅದನ್ನ ನನ್ನೊಳಗೂ ಹಾಕ್ಕೋಬೇಕಾ?’ ಎನ್ನುತ್ತಿದ್ದ.

ಹೀಗಿರುವಾಗ ದೊಡ್ಡ ಕಚೇರಿಯಿಂದ ಯಾರೋ ಬಂದು ರುಚಿ ನೋಡಿ, ವೈನಿಗೆ ಸೀಮೆಎಣ್ಣೆಯ ವಾಸನೆ ಬರುತ್ತಿದೆ ಎಂದರು. ನೆಲಮಾಳಿಗೆಯಲ್ಲಿ ಇನ್ನು ಬೆಂಕಿ ಕೂಡದು ಎಂದು ಹುಕುಂ ಆಯಿತು. ಬುಡ್ಡಿದೀಪಗಳನ್ನು ಕಿತ್ತುಕೊಂಡು ಎಲ್ಲರಿಗೂ ಹೊಸ ಟಾರ್ಚು ಹಂಚಿದರು. ನಾವು ಯಾರೂ ಬೇಡವೆನ್ನಲಿಲ್ಲ, ಖುಷಿಯೇ ಪಟ್ಟೆವು. ಮಸಿಯಿಲ್ಲ, ಎಣ್ಣೆಯಿಲ್ಲ, ಗಾಳಿಗೆ ಆರುವ ರಗಳೆಯಿಲ್ಲ. ಮಾವ ಮೊದಲ ದಿನವೇ ಒಳಗಿನಿಂದ ಟಾರ್ಚನ್ನು ಮೇಲಕ್ಕೆ ಬೀಸಿ ಅತ್ತೆಯ ಮುಖಕ್ಕೆ ಬೆಳಕು ಬಿಟ್ಟ. ‘ಈ ದೀಪ ಆರೋದೇ ಇಲ್ಲ ಕಣೇ, ಇನ್ನು ನಿಂಗೆ ಕೆಲ್ಸಾನೇ ಇಲ್ಲ’ ಎಂದ. ಅತ್ತೆ ಹುಸಿಮುನಿಸಿನಿಂದ ಕೈ ಎತ್ತಿ ಹೊಡೆಯುವ ಹಾಗೆ ತೋರಿಸಿದಳು. ಆಮೇಲೆ ಅದು ಅವರಿಬ್ಬರ ದಿನದ ಆಟವೇ ಆಯಿತು. ಬಾಯಲ್ಲಿ ಒಬ್ಬರು ಕೂರಬೇಕೆನ್ನುವ ಪದ್ಧತಿಯನ್ನು ಮಾತ್ರ ಯಾರೂ ತೆಗೆಯಲಿಲ್ಲ. ಅತ್ತೆ ಹಗ್ಗವಿಲ್ಲದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತು, ಮೊದಲಿನಂತೆಯೇ ಬೆಳಕು ನೋಡುತ್ತಿದ್ದಳು.

ಆ ಟಾರ್ಚು ಕೆಟ್ಟ ಗಾಳಿಯಲ್ಲೂ ಉರಿಯುತ್ತದೆ ಎಂದು ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು. ಆದರೆ ತಲೆಗೆ ಗೊತ್ತಿದ್ದದ್ದು ಕಣ್ಣಿಗೆ ಗೊತ್ತಿರಲಿಲ್ಲ. ಕೆಳಗೆ ಬೆಳಕಿದ್ದರೆ ಆಳು ಚೆನ್ನಾಗಿದ್ದಾನೆ ಎಂದೇ ನಮ್ಮ ಕಣ್ಣುಗಳು ಕಲಿತಿದ್ದವು.

ಅವತ್ತು ಪಕ್ಕದ ತೊಟ್ಟಿಯಲ್ಲಿ ರಸ ಕುದಿಯುತ್ತಿತ್ತು. ಮಾವ ಬೆಳಗ್ಗೆ ಇಳಿದ, ಅತ್ತೆ ಬಾಯಲ್ಲಿ ಕೂತಳು. ಆ ಕಡೆ ಹಾದುಹೋದವರೆಲ್ಲ ಒಂದು ಸಲ ಇಣುಕಿದರು, ಒಳಗೆ ಬೆಳಕಿತ್ತು, ತಮ್ಮ ಪಾಡಿಗೆ ಹೋದರು. ನಾನೂ ಅವಳಿಗೆ ಚಹಾ ಕೊಡಲು ಹೋಗಿದ್ದವಳು ಇಣುಕಿದೆ. ಗೋಡೆಯ ಕೆಳಭಾಗದಲ್ಲಿ ಹಳದಿ ಬೆಳಕು ಬಿದ್ದಿತ್ತು, ಆ ಸಣ್ಣ ಬಾಯಿಂದ ಕಾಣುವುದು ಅಷ್ಟೇ. ‘ಆಯ್ತಾ ಮಾವಂದು?’ ಎಂದೆ. ‘ಗಸಿ ಬಳೀತಿದ್ದಾರೆ’ ಎಂದಳು. ಊಟದ ಸೀಟಿ ಆಯಿತು, ಮಾವ ಬರಲಿಲ್ಲ. ಆಗ ಪೀಪಾಯಿ ಮೇಸ್ತ್ರಿ, ಹಿಂದೆ ಪೀಪಾಯಿ ಕಟ್ಟುತ್ತಿದ್ದ ಮುದುಕ, ಮೂಲೆಯಲ್ಲಿ ಬಚ್ಚಿಟ್ಟಿದ್ದ ಒಂದು ಬುಡ್ಡಿ ತಂದು ಹಚ್ಚಿ ಹಗ್ಗದಲ್ಲಿ ಇಳಿಸಿದ. ಅದು ಅರ್ಧ ದಾರಿಯಲ್ಲೇ ಆರಿತು. ಕೆಳಗೆ ಟಾರ್ಚು ಮಾತ್ರ ಸ್ವಚ್ಛವಾಗಿ ಉರಿಯುತ್ತಲೇ ಇತ್ತು.

ಪಂಪಿನಲ್ಲಿ ಗಾಳಿ ಊದಿ, ಮೇಲೆ ಎತ್ತುವ ಹೊತ್ತಿಗೆ ಮಾವನ ಮೈ ತಣ್ಣಗಾಗಿತ್ತು. ಬಟ್ಟೆಯೆಲ್ಲ ಗಸಿಯಲ್ಲಿ ನೆನೆದು ವೈನು ನಾರುತ್ತಿತ್ತು, ಬಾಯಲ್ಲೂ ಅದೇ. ಗಸಿಯಲ್ಲಿ ಮುಖ ಕೆಳಗಾಗಿ ಬಿದ್ದವನ ಬಾಯಲ್ಲಿ ಇನ್ನೇನಿರುತ್ತದೆ? ಮಣ್ಣು ಮಾಡಿದ ಮಾರನೆಯ ದಿನ ವಿಚಾರಣೆಗೆ ಬಂದ ಸಾಹೇಬರಿಗೆ ಅಷ್ಟೇ ಸಾಕಾಯಿತು. ಟಾರ್ಚು ಕೊಟ್ಟದ್ದು ತಪ್ಪು ಎಂದು ಬರೆದರೆ ಅವರ ಮೇಲಿನವರಿಗೆ ಮುಜುಗರ. ಕುಡಿದು ಇಳಿದಿದ್ದಾನೆ, ಏಣಿಯಿಂದ ಜಾರಿದ್ದಾನೆ, ಬಿದ್ದ ಏಟಿಗೇ ಹೋಗಿದ್ದಾನೆ, ಗಾಳಿ ಕೆಟ್ಟದ್ದು ಆಮೇಲೆ ಎಂದರು. ಇಳಿದ ಮೇಲೆ ಅವನು ಕೆಲಸ ಮಾಡಿದ್ದನ್ನು ಕಂಡವರು ಇದ್ದಿದ್ದರೆ ಈ ಮಾತು ನಿಲ್ಲುತ್ತಿರಲಿಲ್ಲ. ಕಂಡಿರಬಹುದಾದವಳು ಒಬ್ಬಳೇ.

‘ನೀನು ಬಾಯಲ್ಲೇ ಕೂತಿದ್ದೆಯಲ್ಲಮ್ಮ, ಏನು ನೋಡ್ದೆ?’ ಎಂದು ಸಾಹೇಬರು ಕೇಳಿದರು.

‘ಏನೂ ನೋಡ್ಲಿಲ್ಲ’ ಎಂದಳು ಅತ್ತೆ.

‘ಬೆಳಕು ಓಡಾಡ್ತಿತ್ತಾ, ಇಲ್ವಾ?’

‘ನಾನು ಆ ಕಡೆ ನೋಡ್ತಿರ್ಲಿಲ್ಲ.’

ಸಾಹೇಬರ ಮುಖ ಸಡಿಲವಾಯಿತು. ನಾನು ಬಾಗಿಲಲ್ಲಿ ನಿಂತಿದ್ದೆ, ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ದೀಪದಮ್ಮ ತೊಟ್ಟಿಯಿಂದ ಕಣ್ಣು ಕಿತ್ತಳೆಂದರೆ ಯಾರು ಒಪ್ಪಬೇಕು? ಆದರೆ ಹೆಂಡತಿಯೇ ಹಾಗೆ ಅಂದ ಮೇಲೆ ಬೇರೆಯವರು ಏನು ಹೇಳಿಯಾರು. ಸೋಡಾ ಎಂದು ಕರೆಸಿಕೊಂಡವನು ಸತ್ತ ಮೇಲೆ ಕುಡುಕನಾದ. ಅತ್ತೆಯನ್ನು ಬಾಟಲಿ ತೊಳೆಯುವ ಕಡೆ ಹಾಕಿದರು. ಆಮೇಲೆ ಎಷ್ಟೋ ವರ್ಷ ಅವಳು ನೆಲಮಾಳಿಗೆಗೆ ಇಳಿಯಲಿಲ್ಲ.

ಅವರಿಗೆ ಒಬ್ಬಳೇ ಮಗಳು. ನಾನು ಅವಳನ್ನು ಈಗಲೂ ಪುಟ್ಟಿ ಎಂದೇ ಕರೆಯುವುದು, ತಲೆಯಲ್ಲಿ ಬಿಳಿಕೂದಲು ಬಂದಿದ್ದರೂ. ಶಾಲೆಯಲ್ಲಿ ಅವಳ ಮುಂದೆ ಮಕ್ಕಳು ತೂರಾಡಿಕೊಂಡು ನಡೆದು ತೋರಿಸುತ್ತಿದ್ದವು. ಒಂದು ಸಲ ಒಬ್ಬನ ಮೂಗು ಒಡೆದು ಬಂದಳು. ‘ಯಾಕೆ ಹೊಡೆದೆ?’ ಎಂದು ಅತ್ತೆ ಕೇಳಿದಳು. ‘ಅಪ್ಪನ್ನ ಕುಡುಕ ಅಂದ’ ಎಂದಳು ಪುಟ್ಟಿ. ಅತ್ತೆ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ, ಮಗುವಿನ ಕೈಗೆ ಅಂಟಿದ ರಕ್ತ ತೊಳೆದು ಒಲೆಯ ಮುಂದೆ ಹೋಗಿ ಕೂತಳು. ನನಗೆ ಆಗಲೇ ಸಿಟ್ಟು ಬಂದಿತ್ತು. ಒಂದು ಮಾತು, ‘ನಿಮ್ಮಪ್ಪ ಅಂಥವರಲ್ಲ’ ಎನ್ನುವ ಒಂದು ಮಾತು ಹೇಳಿದ್ದರೆ ಇವಳ ಗಂಟೇನು ಹೋಗುತ್ತಿತ್ತು?

ಕಾಲ ಉರುಳಿತು. ಸರ್ಕಾರ ಸಾಕಪ್ಪಾ ಸಾಕು ಎಂದು ಕಾರ್ಖಾನೆಯನ್ನು ಮಾರಿತು. ಸಿಮೆಂಟಿನ ತೊಟ್ಟಿ ಮುಚ್ಚಿ, ಮೇಲೆ ಹೊಳೆಯುವ ಸ್ಟೀಲಿನ ಟ್ಯಾಂಕುಗಳು ಬಂದವು. ಸಿಹಿ ಹೋಗಿ ಒಗರು ಬಂತು, ಅದಕ್ಕೆ ಬಹುಮಾನಗಳೂ ಬಂದವು. ಲೋಟ ತಿರುಗಿಸಿ ತಿರುಗಿಸಿ ಮೂಸಿ ನೋಡಿ, ಬಾಯಲ್ಲಿ ಆಡಿಸಿ, ಕೊನೆಗೆ ಉಗುಳುವ ಜನ ಬಂದರು. ಉಗುಳುವುದಕ್ಕೆ ಇಷ್ಟು ಬೆಲೆಯಾ ಎಂದು ನಾವು ಚೀಟಿ ಅಂಟಿಸುವವರು ಮುಸಿಮುಸಿ ನಕ್ಕೆವು. ಪುಟ್ಟಿ ಓದಿ, ಅದೇ ಕಾರ್ಖಾನೆಯ ಲ್ಯಾಬಿಗೆ ಸೇರಿದಳು. ಯಾವ ಟ್ಯಾಂಕಿಗೆ ಯಾರೇ ಇಳಿದರೂ ಮೊದಲು ಗಾಳಿ ಅಳೆಯುವ ಯಂತ್ರ ಇಳಿಯಬೇಕು, ಅದನ್ನು ಅವಳೇ ನಿಂತು ನೋಡಬೇಕು. ಬೇರೆಯವರನ್ನು ನಂಬುತ್ತಿರಲಿಲ್ಲ.

ಕಲ್ಲಿನ ವಿಷಯ ಕಿವಿಗೆ ಬಿದ್ದದ್ದೇ ಅವಳು ಮಾಲೀಕನ ಹತ್ತಿರ ಹೋದಳು. ಅವನು ಒಳ್ಳೆಯ ಹುಡುಗನೇ. ‘ನಿಮ್ಮ ತಂದೆಯವರದು ಅವರದೇ ತಪ್ಪಿನಿಂದಾದ ಅಪಘಾತ ಅಂತ ಕಡತದಲ್ಲಿದೆ, ಅದರಲ್ಲೂ... ಬೇಜಾರಾಗ್ಬೇಡಿ’ ಎಂದು ತಡವರಿಸಿದ. ‘ನೋಡಿದವರು ಯಾರಾದರೂ ಬಂದು ಹೇಳಿದರೆ ಖಂಡಿತ ಹಾಕಿಸ್ತೀನಿ’ ಎಂದೂ ಹೇಳಿದ. ಪೀಪಾಯಿ ಮೇಸ್ತ್ರಿ ಎಂದೋ ತೀರಿಕೊಂಡಿದ್ದ. ಪುಟ್ಟಿ ಮನೆಗೆ ಬಂದು ಅಮ್ಮನ ಮುಂದೆ ಕೂತಳು. ನಾನೂ ಅಲ್ಲೇ ಇದ್ದೆ.

‘ಅಮ್ಮ, ಅಪ್ಪ ಹೇಗೆ ಹೋದ್ರು ಅಂತ ನಂಗೆ ಗೊತ್ತು. ಆ ಗಾಳಿ ಏನು ಮಾಡುತ್ತೆ ಅಂತ ದಿನಾ ಅಳೀತೀನಿ. ಆದ್ರೆ ನನ್ನ ಮಾತು ನಡೆಯಲ್ಲ. ಇಳಿದ ಮೇಲೆ ಅವರು ಕೆಲಸ ಮಾಡ್ತಿದ್ರು, ಅಷ್ಟು ನೀನು ಹೇಳಿದ್ರೆ ಸಾಕು.’

‘ನೋಡ್ಲಿಲ್ಲ ಅಂತ ಅವತ್ತೇ ಹೇಳಿದೀನಿ’ ಎಂದಳು ಅತ್ತೆ.

‘ಸುಳ್ಳು ಹೇಳ್ಬೇಡ ಅಮ್ಮ.’

‘ಕಲ್ಲಲ್ಲಿ ಹೆಸರು ಬರೆಸಿದ್ರೆ ಎದ್ದು ಬರ್ತಾರಾ?’

ನನ್ನ ಕೋಪ ಮೂಗಿನ ತುದಿಯಲ್ಲೇ ಇರುವುದು. ‘ಅತ್ತೆ, ನಿಂದೇನು ಕಲ್ಲೆದೆನಾ? ಸೋಡಾ ಕುಡ್ಕೊಂಡು ಬದುಕಿದ ಮನುಷ್ಯನ್ನ ಕುಡುಕ ಅನ್ನಿಸಿ ಕಳಿಸ್ದೆ. ಈಗ ಮಗಳು ಕಾಲಿಗೆ ಬೀಳೋ ಹಾಗೆ ಕೇಳ್ತಿದ್ದಾಳೆ, ಆಗ್ಲೂ ಬಾಯಿ ಬಿಡಲ್ಲ ಅಂದ್ರೆ ಏನರ್ಥ?’ ಎಂದುಬಿಟ್ಟೆ. ಅತ್ತೆ ಎದ್ದು, ಅರ್ಧ ಕುಡಿದ ಚಹಾವನ್ನು ಮೋರಿಗೆ ಚೆಲ್ಲಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ಪುಟ್ಟಿ ಅಮ್ಮನ ಜೊತೆ ಮಾತು ಬಿಟ್ಟಳು. ಎರಡು ಕೋಣೆಯ ಮನೆ, ಇಬ್ಬರೇ ಜನ, ಅವರ ನಡುವೆ ಉಪ್ಪು ಕೊಡು ಎನ್ನುವ ಮಾತೂ ಇಲ್ಲದಾಯಿತು.

ಚರಿತ್ರೆಯ ಕೋಣೆ ತೆರೆಯುವ ಮೊದಲು ಹಳೆಯ ಕೆಲಸಗಾರರು ಬಂದು ನೋಡಿ ಹೋಗಿ ಎಂದು ಮಾಲೀಕ ಹೇಳಿಕಳಿಸಿದ. ಅತ್ತೆ ಬರುವುದಿಲ್ಲ ಎಂದೇ ನಾನು ತಿಳಿದಿದ್ದೆ. ಆದರೆ ಬೆಳಗ್ಗೆ ಹೋಗಿ ನೋಡಿದರೆ ತಲೆ ಬಾಚಿಕೊಂಡು ಹೊಸಿಲಲ್ಲಿ ಕೂತಿದ್ದಳು. ‘ನನ್ನ ದೀಪ ಇಟ್ಟಿದಾರಂತಲ್ಲ’ ಎಂದಳು. ನನ್ನ ತೋಳು ಹಿಡಿದು ಮೆಟ್ಟಿಲಿಳಿದಳು. ಗಾಜಿನ ಪೆಟ್ಟಿಗೆಯ ಮುಂದೆ ನಿಂತು, ‘ಬತ್ತಿ ಉಲ್ಟಾ ಹಾಕಿದಾರೆ’ ಎಂದಳು, ಅಷ್ಟೇ. ಪುಟ್ಟಿ ಮಾಲೀಕನ ಜೊತೆ ಸ್ವಲ್ಪ ದೂರದಲ್ಲಿ ನಿಂತಿದ್ದಳು. ಗೋಡೆಗೆ ಒರಗಿಸಿಟ್ಟ ಕಪ್ಪು ಕಲ್ಲಿನ ಕಡೆ ಅತ್ತೆ ತಿರುಗಿಯೂ ನೋಡಲಿಲ್ಲ.

ನೆಲಮಾಳಿಗೆಯ ಆ ಕೊನೆಯಲ್ಲಿ ಒಂದು ತೊಟ್ಟಿಯನ್ನು ಮಾತ್ರ ಮುಚ್ಚದೆ ಉಳಿಸಿಕೊಂಡಿದ್ದರು, ಬಂದವರು ನೋಡಲೆಂದು. ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದರು. ಆಳ ಕಾಣಲೆಂದು ತಳದಲ್ಲಿ ಒಂದು ಲೈಟು ಉರಿಸಿದ್ದರು, ಅದು ಗೋಡೆಯ ಕೆಳಭಾಗದ ಕೆಂಪು ಕಲೆಗಳ ಮೇಲೆ ಹಳದಿಯಾಗಿ ಬಿದ್ದಿತ್ತು. ಅದು ಅದೇ ತೊಟ್ಟಿಯಲ್ಲ. ಮಾವ ಸತ್ತದ್ದು ಇನ್ನೊಂದರಲ್ಲಿ, ಅದನ್ನು ಮುಚ್ಚಿಯಾಗಿದೆ. ಆದರೆ ಅತ್ತೆ ಇಣುಕಿದವಳು ನನ್ನ ತೋಳು ಬಿಟ್ಟಳು. ಮೆಲ್ಲಗೆ ಮಂಡಿಯೂರಿ, ಜಾಲರಿಯ ಪಕ್ಕದಲ್ಲಿ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತೇಬಿಟ್ಟಳು. ಪುಟ್ಟಿ ಓಡಿ ಬಂದಳು.

‘ಅಮ್ಮ, ಏಳು. ನೆಲ ತಣ್ಣಗಿದೆ.’

‘ನೋಡ್ದೆ ಕಣೇ’ ಎಂದಳು ಅತ್ತೆ, ಕಣ್ಣು ಕೆಳಗೇ ಇತ್ತು. ‘ಇಳಿದ್ರು, ಈ ಗೋಡೆ ಉಜ್ಜಿದ್ರು, ಆ ಗೋಡೆ ಉಜ್ಜಿದ್ರು. ಬ್ರಶ್ಶಿನ ಸದ್ದು ಕೇಳ್ತಾನೇ ಇತ್ತು. ಬೆಳಕು ಅವರ ಜೊತೇಲೇ ಓಡಾಡ್ತಿತ್ತು. ನಿಮ್ಮಪ್ಪ ಕುಡಿದಿರ್ಲಿಲ್ಲ, ಜಾರ್ಲಿಲ್ಲ. ಮೂರನೇ ಗೋಡೆಗೆ ಹೋಗಿದ್ರು.’

ಮಾಲೀಕ ಹತ್ತಿರ ಬಂದು ನಿಂತಿದ್ದ. ಪುಟ್ಟಿ ಅಮ್ಮನ ಪಕ್ಕದಲ್ಲೇ ಕುಕ್ಕರಿಸಿದಳು. ಅವಳ ಬಾಯಿಂದ ಬಂದದ್ದು ಯಾರ ಬಾಯಿಂದಲಾದರೂ ಬರುವ ಮಾತೇ.

‘ಮತ್ತೆ ಯಾಕಮ್ಮ ಕೂಗ್ಲಿಲ್ಲ?’

ಅತ್ತೆ ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದದ್ದು ಈ ಒಂದು ಪ್ರಶ್ನೆಗೆ ಹೆದರಿ ಎಂದು ನನಗೆ ಆಗ ಗೊತ್ತಾಯಿತು. ಅವಳು ಬಲಗೈ ಎತ್ತಿದಳು, ಭುಜದ ಮಟ್ಟಕ್ಕೆ, ಅಂಗೈ ಮುಂದೆ ಮಾಡಿ.

‘ಬೆಳಕು ಒಂದು ಸಲ ಮೇಲಕ್ಕೆ ಹಾರ್ತು. ಅತ್ತಿತ್ತ ಆಡ್ತು. ಆಮೇಲೆ ಕೆಳಗೆ ನಿಂತ್ಕೊಂಡ್ತು. ಯಾವಾಗ್ಲೂ ಹಾಗೇ ತಾನೇ ಬೀಸಿ ರೇಗಿಸ್ತಿದ್ದಿದ್ದು. ನನ್ನ ಕರೀತಿದ್ದಾರೆ ಅಂದ್ಕೊಂಡೆ. ನಾನೂ ಹಿಂಗೆ ಕೈ ಬೀಸ್ದೆ. ನಕ್ಕೊಂಡು ಬೀಸ್ದೆ ಕಣೇ ಪುಟ್ಟಿ.’

ಎತ್ತಿದ ಕೈ ಹಾಗೇ ಇತ್ತು. ಪುಟ್ಟಿ ಅದನ್ನು ಹಿಡಿದು ಕೆಳಗಿಳಿಸಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಪುಟ್ಟಿಯ ಕಣ್ಣಿಂದ ನೀರು ಧಾರಾಕಾರವಾಗಿ ಸುರಿಯುತ್ತಿತ್ತು. ಕಲ್ಲೆದೆ ಎಂದಿದ್ದ ನನ್ನ ನಾಲಗೆ ಬಿದ್ದುಹೋಗಬಾರದೇ ಎನಿಸಿತು. ಮಾಲೀಕ, ‘ಹೆಸರು ಕೆತ್ತಿಸ್ತೀನಮ್ಮ. ಮೊದಲನೇ ಸಾಲಲ್ಲೇ ಕೆತ್ತಿಸ್ತೀನಿ’ ಎಂದ.

‘ಆ ಲೈಟು ಆರಿಸಿಬಿಡಪ್ಪ’ ಎಂದಳು ಅತ್ತೆ.

ಅವನು ತಾನೇ ಗೋಡೆಯ ಹತ್ತಿರ ಹೋಗಿ ಸ್ವಿಚ್ಚು ಒತ್ತಿದ. ತೊಟ್ಟಿ ಕತ್ತಲಾಯಿತು. ಆಗ ಅತ್ತೆ ಎರಡೂ ಕೈಯಿಂದ ಜಾಲರಿ ಹಿಡಿದು ಬಗ್ಗಿ, ದೀಪದ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಹೇಗೆ ಕೂಗುತ್ತಿದ್ದಳೋ ಹಾಗೇ, ಗಟ್ಟಿಯಾಗಿ, ಒಳಗೆ ಕೂಗಿದಳು.

‘ಮೇಲೆ ಬನ್ನಿ. ಏನಿದ್ರೂ ಅಲ್ಲೇ ಬಿಟ್ಟು ಮೇಲೆ ಬನ್ನಿ.’